ಅಗಸಿಯ ಕಲ್ಲಿನ ಮೋರ್

ಊರಿಗೆ ಊರೇ ಸಾಯಬೇಕೆಂದು ಡಂಗುರ ಸಾರಿದವನು ನಾನೇ. ಅದನ್ನು ಈಗಲೂ ಕೆಲವರು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ. ನನ್ನದೇನು ತಪ್ಪು ಅದರಲ್ಲಿ? ಊರ ಅಗಸಿ ಬಾಗಿಲು ಕಾಯುವ ಫಕೀರವ್ವ ತನ್ನ ಪಾಟಿಯ ಮೇಲೆ ಏನು ಬರೆಯುತ್ತಾಳೋ ಅದನ್ನು ಹಲಗೆ ಬಾರಿಸಿ ಓಣಿ ಓಣಿಗೂ ಮುಟ್ಟಿಸುವುದು ನನ್ನ ಕೆಲಸ. ನಮ್ಮಪ್ಪನೂ ಅದನ್ನೇ ಮಾಡಿದ, ಅವರಪ್ಪನೂ ಅದನ್ನೇ ಮಾಡಿದ. ಆ ದಿನ ಪಾಟಿಯ ಮೇಲೆ ‘ಸಾಯಿ’ ಎಂದಿತ್ತು. ಹಿರಿಯರಿರುವ ಊರು, ಏಕವಚನ ಸರಿ ಕಾಣುವುದಿಲ್ಲವೆಂದು ನಾನು ‘ಸಾಯಿರಿ’ ಎಂದು ತಿದ್ದಿ ಸಾರಿದೆ. ಲಾಲಸಾಬ ಅಷ್ಟಾದರೂ ಮರ್ಯಾದೆ ತೋರಿಸಿದನಲ್ಲ ಎಂದು ಒಬ್ಬರೂ ಹೇಳಲಿಲ್ಲ.

ನಮ್ಮೂರಿನ ಅಗಸಿ ಬಾಗಿಲಿನ ಎಡಕ್ಕೆ ಎದೆಮಟ್ಟದ ಒಂದು ಕಲ್ಲಿದೆ. ಅದರ ಮೇಲೆ ‘ಮೋರ್’ ಎಂದು ಕೊರೆದಿದೆ. ಹಿಂದೆ ಮುಂದೆ ಬೇರೇನೂ ಇಲ್ಲ. ದೀರ್ಘ ಸವೆದು ಹೋಗಿರುವುದರಿಂದ ಅದು ಮೋರೋ ಮೊರ್ರೋ ಎಂಬ ಜಗಳವೂ ಇದೆ. ಊರಿನವರು ಅದಕ್ಕೆ ಅರ್ಥ ಹೇಳುವ ಹಾಗಿಲ್ಲ. ಪರವೂರಿನವರು, ಅದೂ ಯಾರೂ ಕರೆಯದೆ ತಾವಾಗಿ ನಡೆದು ಬಂದವರು, ಕಲ್ಲಿನ ಮೇಲೆ ಕೈಯಿಟ್ಟು ತಾವು ಬಲ್ಲ ಭಾಷೆಯಲ್ಲಿ ಇದರ ಅರ್ಥ ಏನೆಂದು ಹೇಳಬೇಕು. ಅರ್ಥ ಗೊತ್ತಿಲ್ಲದವರನ್ನು ಹಾಗೇ ಒಳಗೆ ಬಿಡುತ್ತೇವೆ. ಗೊತ್ತಿದ್ದವರು ಹೇಳಿದರೆ, ಇನ್ನೊಬ್ಬರು ಬಂದು ಬೇರೆ ಅರ್ಥ ಹೇಳುವ ತನಕ ಊರು ಆ ಅರ್ಥದಂತೆ ನಡೆಯಬೇಕು. ನಡೆಯದಿದ್ದರೆ ಒಲೆ ಹೊತ್ತುವುದಿಲ್ಲ. ಕಡ್ಡಿ ಗೀರಿದರೆ ಕಿಡಿ ಬರುತ್ತದೆ, ಕಟ್ಟಿಗೆಗೆ ಹಿಡಿಯುವುದಿಲ್ಲ.

ಒಮ್ಮೆ ರೇಷ್ಮೆ ಮಾರುವ ತಮಿಳಿನವನೊಬ್ಬ ಬಂದು ‘ಮಜ್ಜಿಗೆ’ ಎಂದ. ಹನ್ನೊಂದು ದಿನ ಊರು ಮಜ್ಜಿಗೆಯಲ್ಲಿ ತೇಲಾಡಿತು. ಬಂದವರ ಕಾಲಿಗೂ ಮಜ್ಜಿಗೆಯನ್ನೇ ಕೊಟ್ಟೆವು. ಆಮೇಲೆ ಮರಾಠಿ ಮಾತಾಡುವ ಬಳೆಗಾರ ಬಂದು ‘ನವಿಲು’ ಎಂದ. ಊರ ಹಿರಿಯರಾದ ಗುರುಪಾದಪ್ಪನವರು “ಇದೇನ ಹುಡುಗಾಟಿಕಿ” ಎಂದು ಸುಮ್ಮನೆ ಕುಳಿತರು. ಎರಡು ದಿನ ನೆನೆಸಿದ ಅವಲಕ್ಕಿ ತಿಂದ ಮೇಲೆ ಮೂರನೆಯ ದಿನ ಅವರೇ ಧೋತರದ ಹಿಂದೆ ಗರಿ ಸಿಕ್ಕಿಸಿಕೊಂಡು ಪಂಚರ ಜೊತೆ ಊರು ಸುತ್ತಿದರು. ಒಬ್ಬ ಅತ್ತರಿನವನು ತನ್ನ ತುರ್ಕಿ ಭಾಷೆಯಲ್ಲಿ ಅದು ನೇರಳೆ ಬಣ್ಣವೆಂದ. ಆಗ ಬಣ್ಣ ಹಾಕಿಸಿಕೊಂಡ ನಮ್ಮ ಎಮ್ಮೆ ಇವತ್ತಿಗೂ ಕಿವಿಯ ಹಿಂದೆ ನೇರಳೆಯಾಗಿಯೇ ಇದೆ. ಹೀಗೆ ನಡೆಯುತ್ತಿತ್ತು. ನಮಗೇನೂ ವಿಚಿತ್ರ ಅನ್ನಿಸುತ್ತಿರಲಿಲ್ಲ.

ಅಗಸಿ ಕಾಯುವ ಕೆಲಸ ನಿಜಕ್ಕೆ ಫಕೀರವ್ವನ ಗಂಡ ಅಡಿವೆಪ್ಪನದು. ಅವನ ಮನೆತನಕ್ಕೆ ಬಂದದ್ದು. ಹತ್ತು ವರ್ಷ ಅವನು ಬಂದವರನ್ನೆಲ್ಲ ಅದೊಂದೇ ಪ್ರಶ್ನೆ ಕೇಳಿದ. ಕೇಳಿ ಕೇಳಿ, ಇವರೆಲ್ಲ ಎಲ್ಲಿಂದ ಬರುತ್ತಾರೆ, ಆ ದಾರಿಯ ಆ ಕಡೆ ಏನಿದೆ ಎಂಬ ಹುಳ ತಲೆಯಲ್ಲಿ ಹೊಕ್ಕಿತು. ಒಂದು ಮಧ್ಯಾಹ್ನ ಬುತ್ತಿ ತಂದ ಹೆಂಡತಿಯ ಕೈಗೆ ಪಾಟಿ ಕೊಟ್ಟು, “ಒಂದ ಗಳಿಗಿ ಹಿಡಿ, ಬಂದೆ” ಎಂದು ಹೊರಗೆ ಹೋದ. ಹದಿನೇಳು ವರ್ಷವಾಯಿತು. ಫಕೀರವ್ವ ಅತ್ತಳೋ ಇಲ್ಲವೋ ನಾನು ಕಾಣೆ. ಮರುದಿನ ಬೆಳಿಗ್ಗೆ ಅಗಸಿ ಬಾಗಿಲು ಹೊತ್ತಿಗೆ ಸರಿಯಾಗಿ ತೆರೆದಿತ್ತು. ಅವಳು ಕಲ್ಲಿನ ಪಕ್ಕ ಕುಳಿತು ಎಲೆ ಅಡಿಕೆ ಮೆಲ್ಲುತ್ತಿದ್ದಳು.

ಸಾಯುವ ಸುದ್ದಿ ತಂದವನು ಘಟ್ಟದ ಕೆಳಗಿನ ಒಣಮೀನಿನ ವ್ಯಾಪಾರಿ. ಪಾಪದವನು. ಎತ್ತಿನ ಮೇಲೆ ಮೀನಿನ ಮೂಟೆ ಹೇರಿಕೊಂಡು ಬಂದಿದ್ದ. ಎತ್ತು ಅಗಸಿ ಬಾಗಿಲಿನ ನಡುವೆ ಹೋಗಿ ಮಲಗಿಬಿಟ್ಟಿತು. ಎಳೆದ, ತಳ್ಳಿದ, ಬಾಲ ತಿರುಚಿದ. ಕೊನೆಗೆ ಸುಸ್ತಾಗಿ ಕಲ್ಲಿನ ಮೇಲೆ ಕೈಯೂರಿ ನಿಂತು, “ಮೊರ್! ಮೊರ್!” ಎಂದು ತನ್ನ ಕೊಂಕಣಿಯಲ್ಲಿ ಎತ್ತಿಗೆ ಬೈದ.

ಫಕೀರವ್ವನಿಗೆ ಆಶ್ಚರ್ಯ. “ಏನಂದ್ರಿ ಅದಕ್ಕ?”

“ಬೈದೆ ಅಕ್ಕಾ. ಸಾಯಿ ಅಂತ” ಎಂದು ಅವನು ನಕ್ಕ. ಕೈ ಕಲ್ಲಿನ ಮೇಲೆಯೇ ಇತ್ತು.

ಫಕೀರವ್ವನ ಬಾಯಲ್ಲಿದ್ದ ಎಲೆ ಅಲ್ಲೇ ನಿಂತಿತು. ಏನಾಯಿತೆಂದು ತಿಳಿಸಿ ಹೇಳಿದಾಗ ವ್ಯಾಪಾರಿಯ ಮುಖ ಬಿಳುಚಿಕೊಂಡಿತು. ಎತ್ತಿಗೂ ಏನು ತಿಳಿಯಿತೋ, ತಟ್ಟನೆ ಎದ್ದಿತು. ಇಬ್ಬರೂ ಬಂದ ದಾರಿಯಲ್ಲೇ ಓಡಿದರು. ಎರಡು ಮೂಟೆ ಮೀನು ನಮ್ಮ ಬಾಗಿಲಲ್ಲೇ ಉಳಿಯಿತು. ಅದನ್ನು ಹುರಿಯಲು ಒಲೆ ಇರಲಿಲ್ಲ ಎಂಬುದು ಬೇರೆ ಮಾತು.

ಊರಿನ ಅಷ್ಟೂ ಒಲೆ ಆ ಸಂಜೆಯೇ ಆರಿದವು. ಪಂಚರು ಚಾವಡಿಯಲ್ಲಿ ಸೇರಿದರು. ಎಲ್ಲರೂ ಸಾಯಬೇಕಿಲ್ಲ, ಒಬ್ಬರು ಸತ್ತರೂ ಊರು ಅರ್ಥ ನಡೆಸಿದ ಹಾಗೆ ಎಂದು ಹಳೆಯ ಕಡತ ತೆಗೆದು ಗುರುಪಾದಪ್ಪನವರು ಸಮಾಧಾನ ಹೇಳಿದರು. ಆಮೇಲೆ ಎಲ್ಲರೂ ಚಾವಡಿಯ ತೊಲೆಗಳನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು. ಮೂಲೆಯಲ್ಲಿ ಸಂಗಮಜ್ಜಿ ಕುಳಿತಿದ್ದಳು. ತೊಂಬತ್ತು ದಾಟಿದ ಜೀವ. ತಾಯಿ ಸತ್ತ ಅಡಿವೆಪ್ಪನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ.

“ಯಾಕ ಎಲ್ಲಾರೂ ತೊಲಿ ನೋಡಾಕ ಹತ್ತೀರಿ?” ಎಂದಳು ಅಜ್ಜಿ. “ನನ್ನ ನೋಡ್ರಿ. ನಾ ಸಾಯತೀನಿ ತಗೋರಿ. ಆದ್ರ ಬಿಸಿ ಹೋಳಿಗಿ ತುಪ್ಪ ತಿನ್ನದ ಸಾಯಾಕಿ ಅಲ್ಲ.”

“ಒಲಿನಽ ಹೊತ್ತವಲ್ದು, ಬಿಸಿ ಹೋಳಿಗಿ ಹ್ಯಾಂಗ ಮಾಡೂದಬೇ ಅಜ್ಜಿ?” ಎಂದರು ಗುರುಪಾದಪ್ಪನವರು.

“ಅದು ನಿಮ್ಮ ಚಿಂತಿ. ಸಾಯೂದು ನನ್ನ ಚಿಂತಿ.”

ಮೂರು ದಿನ ಇಡೀ ಊರು ಹೋಳಿಗೆಯ ಚಿಂತೆ ಮಾಡಿತು. ಗುರುಪಾದಪ್ಪನವರು ಉತ್ಸಾಹದಿಂದ ಗುಡ್ಡದ ಕರಿ ಬಂಡೆಯ ಮೇಲೆ ಬಿಸಿಲಿನಲ್ಲಿ ಹೋಳಿಗೆ ಒಣಗಿಸಿ ತಂದರು. ಅಜ್ಜಿ ಒಂದು ತುಣುಕು ಬಾಯಿಗೆ ಹಾಕಿಕೊಂಡು, “ಹಸೀ ಐತಿ” ಎಂದು ಉಗುಳಿ ಕೈ ತೊಳೆದುಕೊಂಡಳು. ನಾವು ನಕ್ಕೆವು. ಇನ್ನೊಬ್ಬ ದಾರಿಹೋಕ ಬಂದೇ ಬರುತ್ತಾನೆ, ಬೇರೆ ಅರ್ಥ ಹೇಳಿಯೇ ಹೇಳುತ್ತಾನೆ ಎಂಬ ಧೈರ್ಯ. ಆದರೆ ಮೀನಿನವನು ಹೋದ ದಾರಿಯುದ್ದಕ್ಕೂ ಸುದ್ದಿ ಹಬ್ಬಿಸಿದ್ದ. ದೂರದಲ್ಲಿ ಕಾಣುವ ಬಂಡಿಗಳು ನಮ್ಮ ಅಗಸಿ ಕಂಡೊಡನೆ ಹೊಲದಲ್ಲಿ ಇಳಿದು ಸುತ್ತುಹಾಕಿ ಹೋಗುತ್ತಿದ್ದವು.

ಐದನೆಯ ದಿನ ನಗು ನಿಂತಿತು. ನೀಲವ್ವ ಎಂಬ ಬಾಣಂತಿಯ ಕೂಸಿಗೆ ಬಿಸಿನೀರಿಲ್ಲ, ಕಾಯಿಸಿಕೊಳ್ಳಲು ಕೆಂಡವಿಲ್ಲ. ಮಗ್ಗುಲಲ್ಲಿ ಯಾರು ಮಲಗಿದರೂ ಕೂಸಿನ ಕಾಲು ತಣ್ಣಗೇ ಇತ್ತು. ಸಂಗಮಜ್ಜಿ ಹೋಗಿ ನೋಡಿ ಬಂದಳು. ಬಂದವಳೇ ತಣ್ಣೀರಿನಲ್ಲಿ ಮೈ ತೊಳೆದು, ಮದುವೆಯಲ್ಲಿ ಉಟ್ಟ ಇಳಕಲ್ ಸೀರೆ ತೆಗೆದು ಉಟ್ಟಳು. “ಹೋಳಿಗಿ ಬ್ಯಾಡ. ನಾಳೆ ಹೊತ್ತು ಮುಳುಗೂದ್ರಾಗ ಆತು ತಗೋರಿ” ಎಂದಳು. ಹೇಗೆ ಎಂದು ಯಾರೂ ಕೇಳಲಿಲ್ಲ. ಆ ಮುದುಕಿ ಮನಸ್ಸು ಮಾಡಿದರೆ ಮಾಡುವವಳೇ. ಹಿಂದೊಮ್ಮೆ ಜಿದ್ದಿಗೆ ಬಿದ್ದು ಒಂದು ವರ್ಷ ಉಪ್ಪು ಬಿಟ್ಟವಳು.

ಮರುದಿನ ಅವಳು ಅಗಸಿ ಕಟ್ಟೆಯ ಮೇಲೆ ಬಂದು ಕುಳಿತಳು. ಕೊನೆಯದಾಗಿ ದಾರಿ ನೋಡಬೇಕಂತೆ. ಹಾಗಾಗಿ ಊರಿನ ಮುಕ್ಕಾಲು ಮಂದಿ ಅಲ್ಲೇ ಇದ್ದೆವು. ಹೊತ್ತು ತಲೆಯ ಮೇಲಿಂದ ವಾಲುತ್ತಿದ್ದಾಗ ದೂರದಲ್ಲಿ ಒಬ್ಬ ಕಾಣಿಸಿದ. ಸುತ್ತುಹಾಕದೆ ನೆಟ್ಟಗೆ ಬಂದ. ಬಲಗಾಲನ್ನು ತುಸು ಹೊರಗೆ ಎಸೆದು ನಡೆಯುವ ನಡಿಗೆ. ಗಡ್ಡ ನೆರೆತಿದೆ, ಹೆಗಲಿಗೊಂದು ಕ್ಯಾನ್ವಾಸ್ ಚೀಲವಿದೆ, ಆದರೆ ಆ ಕಾಲು ಸುಳ್ಳು ಹೇಳುತ್ತದೆಯೇ? ಅಡಿವೆಪ್ಪ!

ಪಕ್ಕದಲ್ಲಿದ್ದ ಗುರುಪಾದಪ್ಪನವರು ಬಾಯಿ ತೆರೆದು, “ಏ ಅಡಿ—” ಎನ್ನುವಷ್ಟರಲ್ಲಿ ಫಕೀರವ್ವ ನನ್ನ ಕಡೆ ಒಂದು ನೋಟ ಬೀರಿದಳು. ನಾನು ಹಲಗೆಯ ಮೇಲೆ ಧಬಧಬ ಬಾರಿಸಿಬಿಟ್ಟೆ. ಅವಳ ಲೆಕ್ಕಾಚಾರ ನನಗೆ ಹೊಳೆದಿತ್ತು. ಬಂದವನು ಅಡಿವೆಪ್ಪನಾದರೆ ಊರಿನವನು, ಅವನು ಹೇಳಿದ ಅರ್ಥ ಸಲ್ಲುವುದಿಲ್ಲ. ಪರವೂರಿನವನಾದರೆ ಸಲ್ಲುತ್ತದೆ. ಯಾರು ಊರಿನವರು ಯಾರು ಪರವೂರಿನವರು ಎಂದು ತೀರ್ಮಾನಿಸುವುದು ಅಗಸಿ ಕಾಯುವವರ ಅಧಿಕಾರ.

ಅವನು ಬಂದು ಅವಳ ಮುಂದೆ ನಿಂತ. ಬಿಸಿಲಿಗೆ ಸುಟ್ಟ ಮುಖದ ತುಂಬ ನಗು. “ಫಕೀರೀ!”

ಫಕೀರವ್ವ ಸೆರಗು ಸರಿಮಾಡಿಕೊಂಡಳು. “ಯಾರ್ರೀ ನೀವು? ಯಾವೂರಾತು?”

“ನಾನಽ. ನಿನ್ನ ಗಂಡ!”

“ಹಂಗ ಅನಕೋತ ಭಾಳ ಮಂದಿ ಬರ್ತಾರ್ರಿ.”

“ಭಾಳ ಮಂದಿ ಬರ್ತಾರ?” ಅವನ ನಗು ಅರ್ಧಕ್ಕೆ ನಿಂತಿತು. ಅವನು ನಮ್ಮ ಕಡೆ ತಿರುಗಿದ. “ಲಾಲಸಾಬಣ್ಣಾ, ನೀನರೆ ಹೇಳೋ, ನಾ ಯಾರು?” ನಾನು ಹಲಗೆಯ ಹಗ್ಗ ಬಿಗಿ ಮಾಡುವುದರಲ್ಲಿ ಮಗ್ನನಾದೆ. ಉಳಿದವರು ಆಕಾಶ ನೋಡಿದರು. ಕಳೆದ ಆರು ದಿನಗಳಲ್ಲಿ ನಮಗೆಲ್ಲ ಮೇಲೆ ನೋಡುವುದು ಚೆನ್ನಾಗಿ ರೂಢಿಯಾಗಿತ್ತು.

“ಕಲ್ಲಿನ ಮ್ಯಾಲೆ ಕೈ ಇಟ್ಟು ಅರ್ಥಾ ಹೇಳ್ರಿ” ಎಂದಳು ಫಕೀರವ್ವ.

ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. “ನನಗ ಕಲಸ್ತಿ ಏನು ಈ ಪ್ರಶ್ನೆ? ಮೊದಲ ನಾ ಯಾರಂತ ಹೇಳು, ಆಮ್ಯಾಲ ಅರ್ಥಾ ಹೇಳತೀನಿ.”

“ನೀವು ಯಾರಂತ ನಾ ಹೇಳಿದ್ರ ನಿಮ್ಮ ಅರ್ಥಾ ನನಗ ಬೇಕಾಗೂದಿಲ್ರಿ.”

ಅವನಿಗೆ ತಿಳಿಯಲಿಲ್ಲ. ಊರಿನ ಮೇಲೆ ಹೊಗೆ ಯಾಕಿಲ್ಲ ಎಂದು ಕೇಳಿದ. ಅವಳು ಎಲ್ಲವನ್ನೂ ಹೇಳಿದಳು, ಮೀನಿನವನ ಎತ್ತಿನಿಂದ ಹಿಡಿದು ನೀಲವ್ವನ ಕೂಸಿನವರೆಗೆ. ಮಾತು ಮಾತಿಗೂ ‘ರೀ’ ಸೇರಿಸಿ, ಯಾವನೋ ದಾರಿಹೋಕನಿಗೆ ಹೇಳುವ ಹಾಗೆ. ಕೊನೆಗೆ ಕಟ್ಟೆಯ ಕಡೆ ಕೈ ತೋರಿಸಿದಳು. “ಅಲ್ಲಿ ಕುಂತಾರಲ್ರಿ, ಆ ಅಜ್ಜಿ ಇವತ್ತ ಹೊತ್ತು ಮುಳುಗೂದ್ರಾಗ ಸಾಯತಾರ.”

ಅಡಿವೆಪ್ಪ ತಿರುಗಿ ನೋಡಿದ. ಇಷ್ಟು ಹೊತ್ತು ಅವನು ಅಜ್ಜಿಯನ್ನು ಗಮನಿಸಿರಲಿಲ್ಲ. ಇಳಕಲ್ ಸೀರೆಯಲ್ಲಿ ಮುದ್ದೆಯಾಗಿ ಕುಳಿತಿದ್ದ ಆ ಜೀವದ ಮುಂದೆ ಹೋಗಿ ಕುಕ್ಕರಿಸಿದ. “ಆಯಿ” ಎಂದ, ಮೆಲ್ಲಗೆ.

ಅಜ್ಜಿ ಅವನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು. ಬೆರಳು ಅವನ ಹುಬ್ಬಿನ ಹಳೆಯ ಗಾಯದ ಮೇಲೆ ಓಡಾಡಿತು. ಆ ಗಾಯಕ್ಕೆ ಅರಿಸಿನ ಒತ್ತಿದವಳು ಅವಳೇ. ಆಮೇಲೆ ಕೈ ತೆಗೆದು, “ಯಾರವ್ವಾ ಫಕೀರವ್ವಾ ಇವಾ? ಈ ಮುಖಾ ನಾ ಎಂದೂ ನೋಡಿಲ್ಲ” ಎಂದಳು. ಹೇಳುವಾಗ ಒಂದು ಕಣ್ಣು ಹೊಡೆದಳೆಂದು ನಾನು ಆಣೆ ಮಾಡಿ ಹೇಳಬಲ್ಲೆ. ವಯಸ್ಸಾದವರ ಕಣ್ಣು ಹಾಗೇ ಅದುರುತ್ತದೆ ಎನ್ನುತ್ತಾರೆ ಗುರುಪಾದಪ್ಪನವರು.

ಅಡಿವೆಪ್ಪ ಎದ್ದು ಬಂದು ಫಕೀರವ್ವನ ಎದುರು ಕೈಕಟ್ಟಿ ನಿಂತ. “ಹೌದ್ರೀ. ನಾ ಪರವೂರವ. ನಿಮ್ಮೂರಿಗೆ ಮೊದಲನೇ ಸಲಾ ಬಂದೀನಿ.”

“ಹಂಗಾದ್ರ ಅರ್ಥಾ ಹೇಳ್ರಿ. ಆದ್ರ ನೋಡಿ ಹೇಳ್ರಿ. ಮೊದಲ ಬಂದ ಮಾತಽ ಕಾಯಂ.”

“ಅದಽ ತ್ರಾಸ ನೋಡ್ರಿ. ನನ್ನ ಹಂತೇಕ ಒಂದ ಅರ್ಥಾ ಇಲ್ಲ, ಗಂಟಽ ಐತಿ” ಎಂದು ಅವನು ಕೈಗಳನ್ನು ಮತ್ತೆ ಬೆನ್ನ ಹಿಂದೆ ಕಟ್ಟಿದ. “ಹಡಗದಾಗ ಅಡಿಗಿ ಮಾಡತಿದ್ದೆ. ಬಂದರ ಬಂದರಕ್ಕ ಇಳಿದು ಇದೊಂದು ಮಾತು ಕೇಳತಿದ್ದೆ. ಡೆನ್ಮಾರ್ಕದವ ಒಬ್ಬ ‘ತಾಯಿ’ ಅಂದ. ವೇಲ್ಸ್ ನಾಡಿನವ ಒಬ್ಬ ಇದ್ದ, ಅವಾ ‘ಸಮುದ್ರ’ ಅಂದ.”

ಸಮುದ್ರ ಎಂಬ ಮಾತು ಕೇಳಿದ್ದೇ ತಡ, ಊರೆಲ್ಲ ನೀರು ತುಂಬಬೇಕಾದೀತೆಂದು ಗೋಡೆಯ ಮೇಲಿದ್ದ ನಾಲ್ಕು ಜನ ಕೆಳಗೆ ಹಾರಿದರು. ನಾನು ಹಲಗೆ ಎತ್ತಿಕೊಂಡೆ. “ಕೈ ಇಟ್ಟಿಲ್ಲ, ಕೈ ಇಟ್ಟಿಲ್ಲ!” ಎಂದು ಫಕೀರವ್ವ ಕೂಗಿದ ಮೇಲೆ ಗಲಾಟೆ ತಣ್ಣಗಾಯಿತು.

“ಅವನ ಜೋಡಿ ಐರ್ಲೆಂಡಿನವ ಒಬ್ಬ ಇದ್ದ” ಎಂದು ಅಡಿವೆಪ್ಪ ಮುಂದುವರಿಸಿದ. ಅವನಿಗೆ ಹಸಿವು, ಆಯಾಸ, ಹೆಂಡತಿ ಎಲ್ಲವೂ ಮರೆತುಹೋಗಿತ್ತು. ಕಣ್ಣು ಹೊಳೆಯುತ್ತಿದ್ದವು. “ಅವಾ ‘ದೊಡ್ಡದು’ ಅಂದ. ಇಬ್ಬರದೂ ಅಕ್ಕತಂಗೇರ ಭಾಷಾ ಅಂತ. ಸಮುದ್ರ ದೊಡ್ಡದು, ಅದಕ್ಕಽ ಎರಡಕ್ಕೂ ಒಂದಽ ಹೆಸರು ಅಂತ ನಾ ಭಾಳ ದಿನಾ ತಿಳಕೊಂಡಿದ್ದೆ. ಅಲ್ಲ ಅಂತ! ಒಬ್ಬ ಮುದುಕ ನಾವಿಕ ಕುಂದ್ರಿಸಿ ಹೇಳಿದ. ವೇಲ್ಸದವರು ದೊಡ್ಡದಕ್ಕ ‘ಮೌರ್’ ಅಂತಾರ. ಐರ್ಲೆಂಡದವರು ಸಮುದ್ರಕ್ಕ ‘ಮುಯಿರ್’ ಅಂತಾರ. ಮೊದಲಿನಿಂದ ಬ್ಯಾರೆ ಬ್ಯಾರೆ ಎರಡು ಮಾತು. ಸವಕೋಂತ ಸವಕೋಂತ ಬಂದು ವೇಲ್ಸದಾಗ ಸಮುದ್ರ ಮೋರ್ ಆತು, ಐರ್ಲೆಂಡದಾಗ ದೊಡ್ಡದು ಮೋರ್ ಆತು. ಸಂಬಂಧ ಇಲ್ಲದ ಎರಡು ಮಾತು, ಒಂದಽ ಮುಖಾ ಹೊತ್ತಾವು! ಹದಿನೇಳು ವರ್ಷ ನಾ ಇದನ್ನಽ ಕೇಳಕೋತ ತಿರಗೀನ್ರಿ.”

“ನಾನೂ ಹದಿನೇಳು ವರ್ಷ ಇದನ್ನಽ ಕೇಳೀನ್ರಿ” ಎಂದಳು ಫಕೀರವ್ವ. “ಇಲ್ಲೇ ಕುಂತು.”

ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ.

ಹೊತ್ತು ವಾಲುತ್ತಿತ್ತು. ಸಮುದ್ರ ಬೇಡವೆಂಬುದರಲ್ಲಿ ಎರಡು ಮಾತಿರಲಿಲ್ಲ. ತಾಯಿ ಎಂದರೆ ಊರಿನ ಗಂಡಸರೆಲ್ಲ ಏನು ಮಾಡಬೇಕಾದೀತು ಎಂಬ ಭಯ. ಉಳಿದ ಮಾತಿಗೆ ಫಕೀರವ್ವ ಒಪ್ಪಿ ತಲೆಯಾಡಿಸಿದಳು. ಅಡಿವೆಪ್ಪ ಬಲಗೈಯನ್ನು ಕಲ್ಲಿನ ಮೇಲಿಟ್ಟು, ಸ್ಪಷ್ಟವಾಗಿ, “ದೊಡ್ಡದು” ಎಂದ. ಅವಳು ಪಾಟಿ ಒರೆಸಿ ಬರೆದಳು. ಎಂದಿಗಿಂತ ದೊಡ್ಡ ಅಕ್ಷರಗಳಲ್ಲಿ.

ನಾನು ಆ ದಿನ ಸಾರಿದ ಹಾಗೆ ಜನ್ಮದಲ್ಲಿ ಸಾರಿಲ್ಲ. ಗುರುಪಾದಪ್ಪನವರು ಮೂರು ರುಮಾಲು ಒಂದರ ಮೇಲೊಂದು ಸುತ್ತಿಕೊಂಡು ಹೊರಗೆ ಬಂದರು. ಹೆಂಗಸರು ಮದುವೆ ಮನೆಯ ಹಂಚು ಇಳಿಸಿ, ನಾಲ್ಕು ಜನ ಸೇರಿ ಚಕ್ಕಡಿ ಗಾಲಿಯಷ್ಟು ಹೋಳಿಗೆ ಲಟ್ಟಿಸಿದರು. ಎಲ್ಲ ಮಾಡಿ, ಕಟ್ಟಿಗೆ ಒಟ್ಟಿ, ಕಡ್ಡಿ ಗೀರಿ ನಿಂತೆವು. ಅಗಸಿ ಕಾಯುವವಳು ಪರವೂರವ ಎಂದಳು ಸರಿ, ಒಲೆ ಏನನ್ನುತ್ತದೋ?

ಮೊದಲು ಹೊಗೆ ಎದ್ದದ್ದು ನೀಲವ್ವನ ಮನೆಯಲ್ಲಿ. ಆಮೇಲೆ ಅದರ ಪಕ್ಕದ್ದು. ನೋಡನೋಡುತ್ತ ಊರಿನ ಎಲ್ಲ ಮಾಳಿಗೆಗಳ ಮೇಲೂ ಹೊಗೆ. ಜನ ಕೂಗಾಡಿದರು, ಒಬ್ಬರನ್ನೊಬ್ಬರು ತಬ್ಬಿಕೊಂಡರು. ಸಂಗಮಜ್ಜಿ ಬಿಸಿ ಹೋಳಿಗೆಯ ಅಂಚಿನಲ್ಲಿ ಕುಳಿತು ನಡುವಿನ ಕಡೆಗೆ ತಿನ್ನುತ್ತ ಹೋದಳು. “ಸಾಯೂದು ಇನ್ನ ಮುಂದಿನ ವರ್ಷ ನೋಡೂಣು” ಎಂದಳು.

ಅಡಿವೆಪ್ಪ ಮಾತ್ರ ಅಗಸಿಯ ಒಳಗೆ ಹೆಜ್ಜೆ ಇಟ್ಟವನು ಅಲ್ಲೇ ನಿಂತಿದ್ದ. ಹೊಗೆ ನೋಡುತ್ತ ಅವನ ಮುಖ ಇಳಿಯುತ್ತ ಹೋಯಿತು. ಎಲ್ಲರೂ ಸೇರಿ ಆಡಿದ ಆಟ ಎಂದುಕೊಂಡಿದ್ದ ಪಾಪ. ಚೀಲ ಕೆಳಗಿಟ್ಟು, “ಅಂದ್ರ ನಾ ಖರೇನಽ ಪರವೂರವ ಆದ್ನೇನು?” ಎಂದು ಕೇಳಿದ.

“ಒಲಿ ಸುಳ್ಳ ಹೇಳೂದಿಲ್ರಿ” ಎಂದಳು ಫಕೀರವ್ವ. ಧ್ವನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. ಅವಳೂ ಹೊಗೆಯನ್ನೇ ನೋಡುತ್ತಿದ್ದಳು. ಬಹುಶಃ ಅವಳಿಗೂ ಅದು ಅಲ್ಲೇ, ಆಗಲೇ ತಿಳಿದದ್ದು.

ಪರವೂರಿನವರಿಗೆ ಚಾವಡಿಯಲ್ಲಿ ಮೂರು ದಿನ ಜಾಗ. ಆಮೇಲೂ ಇರಬೇಕಾದರೆ ಊರಿಗೆ ಬೇಕಾದ ಕೆಲಸ ಗೊತ್ತಿರಬೇಕು. ಅವನು ನಾಲ್ಕನೆಯ ದಿನ ಚಾವಡಿಯಲ್ಲಿ ದಾರಿಹೋಕರಿಗೆ ಅಡುಗೆ ಮಾಡಲು ನಿಂತ. ಹಡಗಿನಲ್ಲಿ ಕಲಿತ ಕೈ, ಚೆನ್ನಾಗಿಯೇ ಮಾಡುತ್ತಾನೆ. ಆ ನಡುವೆ ಇನ್ನೊಬ್ಬ ಬಳೆಗಾರ ಬಂದು ಊರನ್ನು ಮತ್ತೆ ನವಿಲಿಗೆ ತಂದ. ಗುರುಪಾದಪ್ಪನವರು ತುಟಿ ಪಿಟಕ್ಕೆನ್ನದೆ ಗರಿ ಸಿಕ್ಕಿಸಿಕೊಂಡರು.

ಒಂದು ಸಂಜೆ ಅಡಿವೆಪ್ಪ ಗಡ್ಡ ತೆಗೆಸಿ, ಒಗೆದ ಅಂಗಿ ತೊಟ್ಟು, ಅದಕ್ಕೊಂದು ಗರಿ ಚುಚ್ಚಿಕೊಂಡು ಫಕೀರವ್ವನ ಮನೆ ಬಾಗಿಲಿಗೆ ಹೋದ. ಸಾಕ್ಷಿಗೆ ಇರಲೆಂದು ನನ್ನನ್ನೂ ಕರೆದೊಯ್ದ. ಅವಳು ಕಸಬರಿಗೆ ಹಿಡಿದೇ ಹೊರಗೆ ಬಂದಳು.

“ತಮ್ಮ ಹೆಸರೇನಾತ್ರಿ?” ಎಂದು ಕೇಳಿದ. ಅಗಸಿಯ ಆ ದಿನವೊಂದು ಬಿಟ್ಟರೆ ಹೆಂಡತಿಯನ್ನು ಅವನು ಬಹುವಚನದಲ್ಲಿ ಮಾತಾಡಿಸಿದ್ದು ನಾನು ಕೇಳಿರಲಿಲ್ಲ.

“ಫಕೀರವ್ವ ಅಂತಾರ್ರಿ.”

“ಫಕೀರವ್ವಾರ, ನಾ ಪರವೂರವ. ಒಬ್ಬಾವ ಅದೀನಿ. ಈ ಊರಾಗಽ ಇರಬೇಕಂತ ಮಾಡೀನಿ. ನಿಮಗ ಒಪ್ಪಿಗಿ ಆದ್ರ…” ಅಷ್ಟಕ್ಕೇ ನಿಲ್ಲಿಸಿ ನನ್ನ ಮುಖ ನೋಡಿದ. ನಾನು ಹಲಗೆ ತಂದಿರಲಿಲ್ಲ.

ಅವಳು ಪೂರ್ತಿ ಕೇಳಿಸಿಕೊಂಡ ಹಾಗೆ ತಲೆಯಾಡಿಸಿದಳು. “ನೀವು ಕೇಳಿದ್ದು ಸಂತೋಷ ಆತ್ರಿ. ಆದ್ರ ನಾ ಲಗ್ನಾದಾಕಿ. ನನ್ನ ಗಂಡ ಊರಾಗಿಲ್ಲ. ಒಂದ ಗಳಿಗಿ ಬಂದೆ ಅಂತ ಹೋಗ್ಯಾನ. ಬಂದ ಮ್ಯಾಲೆ ಅವನ್ನ ಕೇಳಿ ಹೇಳತೀನಿ.”

ಅದಾಗಿ ಎಂಟು ತಿಂಗಳಾಯಿತು. ದಿನಾ ಸಂಜೆ ಚಾವಡಿಯ ಕೆಲಸ ಮುಗಿಸಿ, ಮುಖ ತೊಳೆದು, ಅಡಿವೆಪ್ಪ ಅವಳ ಬಾಗಿಲಿಗೆ ಹೋಗುತ್ತಾನೆ. “ಯಜಮಾನ್ರು ಬಂದ್ರೇನ್ರೀ?” ಎಂದು ಹೊರಗಿನಿಂದಲೇ ಕೇಳುತ್ತಾನೆ. “ಇನ್ನೂ ಇಲ್ರಿ” ಎನ್ನುತ್ತಾಳೆ ಒಳಗಿನಿಂದ. “ಬರ್ರಿ, ಕುಂದ್ರಿ. ಚಾಕ್ಕ ಇಟ್ಟೀನಿ.”